ಒತ್ತಕ್ಷರಕ್ಕೆ ಜಾಗ ಬಿಡಿ

ದಾವಣಗೆರೆಯ ಬಟ್ಟೆ ಅಂಗಡಿಗೊಂದು ವೆಬ್‌ಸೈಟ್ ಮಾಡಬೇಕು ಅಂದುಕೊಳ್ಳಿ. ಟೆಂಪ್ಲೇಟ್ (ಸಿದ್ಧ ವಿನ್ಯಾಸ) ಇಂಗ್ಲಿಷಿಗೆ ಹೊಲಿದದ್ದು, ತುಂಬುವುದು ಕನ್ನಡ. ಮೊದಲು ಕೆಡುವುದು ‘ವಸ್ತ್ರ’ ಅನ್ನೋ ಪದವೇ. ಸಕಾರಕ್ಕೆ ತಕಾರದ ಒತ್ತು, ಅದಕ್ಕೆ ರಕಾರದ ಒತ್ತು. ಟೆಂಪ್ಲೇಟಿನಲ್ಲಿ ಲೈನ್-ಹೈಟ್ (ಸಾಲಿನ ಎತ್ತರ ಅಕ್ಷರದ ಗಾತ್ರದ ಎಷ್ಟು ಪಟ್ಟು ಅನ್ನೋ ಲೆಕ್ಕ) 1.1 ಇದ್ದು, ಜೊತೆಗೆ ಓವರ್‌ಫ್ಲೋ ಹಿಡನ್ (ಚೌಕಟ್ಟಿನಿಂದ ಹೊರಚಾಚಿದ್ದನ್ನು ಮರೆಮಾಡುವ ಸೂಚನೆ) ಕೂಡ ಇದ್ದರೆ ಒತ್ತಿನ ಬುಡ ಕತ್ತರಿಸಿಹೋಗುತ್ತದೆ. ಶೀರ್ಷಿಕೆ ಎರಡು ಸಾಲಾದರಂತೂ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.

ಪಠ್ಯಕ್ಕೆ ಲೈನ್-ಹೈಟ್ 1.7, ಶೀರ್ಷಿಕೆಗೆ 1.4 ಕೊಡಿ. ಪಿಕ್ಸೆಲ್ ಲೆಕ್ಕದಲ್ಲಿ ಬೇಡ, ಬರೀ ಅಂಕಿ ಸಾಕು. ಇಡೀ ಪುಟವನ್ನು ಹಿಡಿದಿರುವ ‘ಬಾಡಿ’ ಟ್ಯಾಗಿಗೆ 27 ಪಿಕ್ಸೆಲ್ ಅಂತ ಬರೆದರೆ ಒಳಗಿನ 32 ಪಿಕ್ಸೆಲ್ ಶೀರ್ಷಿಕೆಗೂ ಅದೇ 27 ಅಂಟಿಕೊಂಡು ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. ಬಟನ್ನಿಗೂ ಎತ್ತರ ಕಟ್ಟಿಹಾಕಬೇಡಿ. ಪ್ಯಾಡಿಂಗ್ (ಅಕ್ಷರದ ಸುತ್ತ ಒಳಜಾಗ) ಕೊಡಿ, ಮಿನ್-ಹೈಟ್ (ಕನಿಷ್ಠ ಎತ್ತರ) 48 ಪಿಕ್ಸೆಲ್ ಇಡಿ. ಹೆಬ್ಬೆರಳಿಗೂ ಅಷ್ಟು ಜಾಗ ಬೇಕು.

ಅಕ್ಷರದ ಗಾತ್ರ 17-18 ಪಿಕ್ಸೆಲ್ ಇರಲಿ. 13ಕ್ಕೆ ಇಳಿಸಿದರೆ ‘ಧ’ದ ಕೆಳಗಿನ ಸೀಳು ಮುಚ್ಚಿ ‘ದ’ ಆಗಿ ಕಾಣುತ್ತದೆ, ‘ಥ’ದ ಚುಕ್ಕಿಯೂ ಮಾಯ. ಬೋಲ್ಡ್ ಇಲ್ಲದ ಫಾಂಟಿಗೆ ಬೋಲ್ಡ್ ಕೇಳಿದರೂ ಇದೇ ಕಥೆ: ಬ್ರೌಸರ್ ತಾನೇ ಗೆರೆ ದಪ್ಪ ಮಾಡಿ ಸಂದುಗಳನ್ನೆಲ್ಲ ತುಂಬಿಬಿಡುತ್ತದೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟಿನಲ್ಲಿ ನಿಜವಾದ ಬೋಲ್ಡ್ ಇದೆ, ಅದನ್ನೇ ಲೋಡ್ ಮಾಡಿ. ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಅನ್ನು ಮುಟ್ಟಲೇಬೇಡಿ.

ಇನ್ನು ಚಿತ್ರದುರ್ಗದ ಹೋಟೆಲು, ಟ್ರಾವೆಲ್ಸ್ ಪುಟಗಳಿಗೆ ಕೋಟೆಯ ಫೋಟೊ ಹಾಕಿ ಮೇಲೆ ಬಿಳಿ ಅಕ್ಷರ ಬರೆಯುವ ಆಸೆ ಸಹಜ. ಬಿಸಿಲಿಗೆ ಹೊಳೆಯುವ ಬಂಡೆಯ ಮೇಲೆ ಬಿಳಿ ಕಾಣುವುದಿಲ್ಲ. ಫೋಟೊ ಮೇಲೆ ಶೇ. 60ರ ಕಪ್ಪು ಪದರ ಹಾಕಿ, ಬಂಡೆಯ ತೀರಾ ಬೆಳ್ಳಗಿನ ಜಾಗದಲ್ಲೂ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸ) 4.5:1 ದಾಟಿದೆಯಾ ಅಂತ ಅಳೆಯಿರಿ. ನನ್ನನ್ನು ಕೇಳಿದರೆ, ಅಕ್ಷರವನ್ನು ಫೋಟೊ ಕೆಳಗೆ ಇಳಿಸುವುದೇ ಲೇಸು.

ಫೋಟೊವನ್ನು ಮೊಬೈಲಿನಿಂದ ತೆಗೆದ ಹಾಗೇ 4 ಎಂಬಿ ಏರಿಸಬೇಡಿ. ಅಗಲ 1200 ಪಿಕ್ಸೆಲ್ಲಿಗೆ ಇಳಿಸಿ ವೆಬ್‌ಪಿ (ಫೈಲ್ ಹಗುರಾಗುವ ಚಿತ್ರದ ಬಗೆ) ಮಾಡಿ. ಅಗಲ-ಎತ್ತರ ಎರಡನ್ನೂ ಕೋಡಿನಲ್ಲಿ ಬರೆಯಿರಿ. ಇಲ್ಲದಿದ್ದರೆ ಫೋಟೊ ತಡವಾಗಿ ಬಂದು ಪುಟ ಕೆಳಗೆ ಜಾರುತ್ತದೆ, ಒತ್ತಲು ಹೋದ ಬೆರಳು ಬೇರೆಲ್ಲೋ ಬೀಳುತ್ತದೆ.

ಹಳೆಯ ‘ನುಡಿ’ ತಂತ್ರಾಂಶದ ಫೈಲಿನಿಂದ ನಕಲು ಮಾಡಿದ ಪಠ್ಯ ಯುನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಆಗದೆ ಹಾಗೇ ಬಂದಿದ್ದರೆ ಮೊಬೈಲಿನಲ್ಲಿ ಗೋಜಲು ಚಿಹ್ನೆಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ಮೊದಲು ಪರಿವರ್ತಿಸಿ, ಆಮೇಲೆ ಒತ್ತು, ಅರ್ಕಾವತ್ತು ಸರಿ ಬಂದಿವೆಯಾ ಅಂತ ಕಣ್ಣಾಡಿಸಿ. ಪುಟದ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ‘ಕೆಎನ್’ (kn, ಕನ್ನಡದ ಸಂಕೇತ) ಅಂತ ಇರಬೇಕು, ಇಲ್ಲವಾದರೆ ಓದಿ ಹೇಳುವ ತಂತ್ರಾಂಶ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಬಹುದು.

ಒಂದಾದ ಮೇಲೊಂದು ಚಿತ್ರ ಓಡಾಡುವ ಸ್ಲೈಡರ್ ಬೇಡ. ಬೆಣ್ಣೆ ದೋಸೆ ಹೋಟೆಲಿನ ಪುಟಕ್ಕೆ ಬಂದವರಿಗೆ ಬೇಕಾದದ್ದು ಎಷ್ಟೊತ್ತಿಗೆ ತೆಗೆಯುತ್ತಾರೆ, ಎಲ್ಲಿದೆ, ಫೋನ್ ನಂಬರ್ ಏನು. ಮೂರನ್ನೂ ಮೊದಲ ಪರದೆಯಲ್ಲೇ ಕೊಡಿ. ನಂಬರನ್ನು ಪೋಸ್ಟರಿನ ಚಿತ್ರದೊಳಗೆ ಹೂಳದೆ, ಒತ್ತಿದರೆ ಕರೆ ಹೋಗುವ ಲಿಂಕ್ ಮಾಡಿ.