ಭನ್ಸಾರ್ ಕಟ್ಟೋದು ಸುಲಭ, ಚೀಟಿ ವಾಪಸ್ ಕೊಡೋದು ಮರೀಬೇಡಿ: ಕೊಪ್ಪಳದಿಂದ ಕಾರಿನಲ್ಲಿ ನೇಪಾಳಕ್ಕೆ

ಗವಿಮಠದ ಜಾತ್ರೆ ಮುಗಿದು ಮೂರು ವಾರ ಆಗಿತ್ತು. 2024ರ ಫೆಬ್ರವರಿ 17ರ ಬೆಳಗಿನ ಜಾವ ಐದಕ್ಕೆ ಕೊಪ್ಪಳ ಬಿಟ್ಟೆವು. ಕಾರಿನಲ್ಲಿ ನಾನು, ನನ್ನ ಹೆಂಡತಿ, 12 ವರ್ಷದ ಮಗಳು, 68 ವರ್ಷದ ಅವ್ವ. ಹೋಗಬೇಕಿದ್ದದ್ದು ಲುಂಬಿನಿಗೆ, ಅಲ್ಲಿಂದ ಪೋಖರಾಕ್ಕೆ. ಬಂದ ಮೇಲೆ ಗಂಗಾವತಿ, ಕುಷ್ಟಗಿ, ಸಿಂಧನೂರಿನ ಪರಿಚಯದವರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ. ರಸ್ತೆ ಹೇಗಿದೆ, ಲಾಡ್ಜ್ ಎಷ್ಟು, ಚಳಿ ಜಾಸ್ತಿನಾ ಅಂತ. ಗಡಿಯಲ್ಲಿ ಕಾರಿಗೆ ಕಟ್ಟಬೇಕಾದ ಭನ್ಸಾರ್ ಬಗ್ಗೆ ಮಾತ್ರ ಯಾರೂ ಕೇಳೋದಿಲ್ಲ. ನಮಗೆ ಇಡೀ ಪ್ರವಾಸದಲ್ಲಿ ತಲೆನೋವು ತಂದದ್ದು ಅದೊಂದೇ. ಹಾಗಾಗಿ ಅದನ್ನೇ ವಿವರವಾಗಿ ಬರೆಯುತ್ತೇನೆ.

ಭನ್ಸಾರ್ ಅಂದರೆ ನೇಪಾಳಿಯಲ್ಲಿ ಸುಂಕ, ಕಸ್ಟಮ್ಸ್. ನಮ್ಮ ಬಿಳಿ ಬೋರ್ಡಿನ ಕಾರನ್ನು ಅವರ ದೇಶದಲ್ಲಿ ಇಷ್ಟು ದಿನ ಓಡಿಸುತ್ತೇವೆ ಅಂತ ದಿನದ ಲೆಕ್ಕದಲ್ಲಿ ದುಡ್ಡು ಕಟ್ಟಿ ಪಡೆಯುವ ಚೀಟಿಗೂ ಜನ ಅದೇ ಹೆಸರು ಹೇಳುತ್ತಾರೆ. ಮನುಷ್ಯರಿಗೆ ಇಂಥದ್ದೇನೂ ಇಲ್ಲ. 1950ರ ಒಪ್ಪಂದದಿಂದಾಗಿ ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇದ್ದರೆ ಸಾಕು. 65 ದಾಟಿದವರಿಗೆ, 15ರ ಒಳಗಿನ ಮಕ್ಕಳಿಗೆ ಆಧಾರ್‌ನಂಥ ಫೋಟೋ ಇರುವ ದಾಖಲೆ ನಡೆಯುತ್ತದೆ. ಅವ್ವನದೂ ಮಗಳದೂ ಆಧಾರ್, ನಮ್ಮಿಬ್ಬರದು ವೋಟರ್ ಐಡಿ. ನಡುವಯಸ್ಸಿನವರು ಆಧಾರ್ ಒಂದನ್ನೇ ನಂಬಿಕೊಂಡು ಹೋಗಬೇಡಿ.

ಕಾರಿನ ಕಾಗದಗಳ ಕತೆ ಬೇರೆ. ನಮ್ಮ ಕಾರು ಅಕ್ಕನ ಗಂಡನ ಹೆಸರಿನಲ್ಲಿದೆ. ಭಾವ ಬರುವವರಿರಲಿಲ್ಲ. ಮಾಲೀಕರು ಜೊತೆಗಿಲ್ಲದಿದ್ದರೆ ಒಪ್ಪಿಗೆ ಪತ್ರ ಬೇಕು ಅಂತ ಗೊತ್ತಿತ್ತು. ಕೊಪ್ಪಳದಲ್ಲೇ ಛಾಪಾ ಕಾಗದದ ಮೇಲೆ ಬರೆಸಿ, ನೋಟರಿ ಮಾಡಿಸಿ, ಫೈಲಿಗೆ ಹಾಕಿಕೊಂಡು ಹೊರಟಿದ್ದೆ. ವಾರಾಣಸಿ ದಾಟಿದ ಮೇಲೆ ಹೆಂಡತಿ ಫೈಲ್ ತಿರುವಿ ಹಾಕುತ್ತಾ ಕೇಳಿದಳು, "ರೀ, ಇದು ಕನ್ನಡದಾಗ ಐತಲ್ರೀ, ಅಲ್ಲಿ ಯಾರು ಓದತಾರ?" ಎದೆ ಧಸಕ್ಕೆಂದಿತು. ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿದೆ. ಪಾಪ, ಅವರು ಅರ್ಧ ಗಂಟೆಯಲ್ಲಿ ಇಂಗ್ಲಿಷಿನಲ್ಲಿ ಪತ್ರ ಟೈಪ್ ಮಾಡಿಸಿ, ಸಹಿ ಹಾಕಿ, ವಾಟ್ಸಾಪ್‌ನಲ್ಲಿ ಕಳಿಸಿದರು. ಗೋರಖ್‌ಪುರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಎರಡನ್ನೂ ಸೇರಿಸಿ ಪಿನ್ ಮಾಡಿದೆವು. ಕೌಂಟರಿನಲ್ಲಿ ಅದನ್ನು ಒಪ್ಪಿದರು. ಎಲ್ಲರಿಗೂ ಹಾಗೆ ಒಪ್ಪುತ್ತಾರೆ ಅಂತ ಹೇಳಲಾರೆ. ನೀವು ಮೊದಲೇ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾಡಿಸಿ.

ಪತ್ರದ ಜೊತೆ ಆರ್‌ಸಿ, ಇನ್ಶೂರೆನ್ಸ್, ಡ್ರೈವಿಂಗ್ ಲೈಸೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್ ಎಲ್ಲವೂ ಅಸಲಿ ಇರಲಿ. ಎರಡೆರಡು ಜೆರಾಕ್ಸ್ ಇರಲಿ. ಮೊಬೈಲಿನಲ್ಲಿ ತೋರಿಸಿದರೆ ನಮ್ಮಲ್ಲಿ ನಡೆಯುತ್ತದೆ, ಅದೇ ಧೈರ್ಯದಲ್ಲಿ ಅಲ್ಲಿಗೆ ಹೋಗಬೇಡಿ. ಇನ್ನೊಂದು ಮಾತು. ನಮ್ಮ ಕಾರಿನ ಇನ್ಶೂರೆನ್ಸ್ ಭಾರತದೊಳಗೆ ಮಾತ್ರ. ನೇಪಾಳ, ಭೂತಾನ್, ಬಾಂಗ್ಲಾದೇಶದಂಥ ದೇಶಗಳಿಗೆ ಅದನ್ನು ವಿಸ್ತರಿಸಿಕೊಳ್ಳಲು ಪಾಲಿಸಿಯಲ್ಲೇ ಅವಕಾಶ ಇದೆ. ಸ್ವಲ್ಪ ಹೆಚ್ಚಿಗೆ ಕಟ್ಟಬೇಕು. ಇದನ್ನು ಊರು ಬಿಡುವ ಮುಂಚೆಯೇ ಮಾಡಿಸಿ. ಮನೆಮಂದಿಯನ್ನು ಕೂರಿಸಿಕೊಂಡು ಗುಡ್ಡದ ರಸ್ತೆಯಲ್ಲಿ ಹೋಗುವವರು ಇದರಲ್ಲಿ ದುಡ್ಡು ಉಳಿಸಬಾರದು.

ದಾರಿ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಸಿಂಧನೂರು, ರಾಯಚೂರು, ಹೈದರಾಬಾದ್, ಅಲ್ಲಿಂದ 44ನೇ ಹೆದ್ದಾರಿ ಹಿಡಿದು ನಾಗಪುರ. ಮುಂದೆ ಜಬಲ್‌ಪುರ, ರೀವಾ, ವಾರಾಣಸಿ, ಗೋರಖ್‌ಪುರ. ಮೂರು ರಾತ್ರಿ ದಾರಿಯಲ್ಲಿ ಉಳಿದೆವು. ನಾಲ್ಕನೇ ದಿನ, ಫೆಬ್ರವರಿ 20ರ ಮಂಗಳವಾರ, ಮಧ್ಯಾಹ್ನ ಮೂರರ ಸುಮಾರಿಗೆ ಸೋನೌಲಿ. ಇದು ಉತ್ತರ ಪ್ರದೇಶದ ಮಹಾರಾಜಗಂಜ್ ಜಿಲ್ಲೆಯ ಕೊನೆ. ಗಡಿಗೆ ಇನ್ನೂ ದೂರ ಇರುವಾಗಲೇ ಲಾರಿಗಳ ಸಾಲು ಶುರುವಾಗುತ್ತದೆ. ಅದರ ಹಿಂದೆ ನಿಲ್ಲಬೇಡಿ. ಸಣ್ಣ ಗಾಡಿಗಳು ಪಕ್ಕದಲ್ಲಿ ಮುಂದೆ ಹೋಗುತ್ತವೆ. ಸಶಸ್ತ್ರ ಸೀಮಾ ಬಲದವರು ಡಿಕ್ಕಿ ತೆಗೆಸಿ ನೋಡಿ, ಎಲ್ಲಿಂದ ಬಂದಿರಿ ಅಂತ ಕೇಳಿ ಬಿಟ್ಟರು. ಗೇಟು ದಾಟಿದರೆ ನೇಪಾಳದ ಬೇಲಹಿಯಾ.

ನಮ್ಮ ಜೊತೆ ಅಕ್ಕನ ಮಗನೂ ಬರಬೇಕಿತ್ತು, ಕೊನೆಗೆ ಆಗಲಿಲ್ಲ. ಅವನದು ಅಮೆರಿಕದ ಪಾಸ್‌ಪೋರ್ಟ್. ಅಂಥವರು ನಿಮ್ಮ ಜೊತೆ ಇದ್ದರೆ ಗಮನಿಸಿ. ಅವರು ಮೊದಲು ಭಾರತದ ಕಡೆಯ ಇಮಿಗ್ರೇಷನ್ ಆಫೀಸಿನಲ್ಲಿ ಹೊರಹೋಗುವ ಮುದ್ರೆ ಹಾಕಿಸಬೇಕು. ಆಮೇಲೆ ನೇಪಾಳದ ಕಡೆ ವೀಸಾ, 15 ದಿನಕ್ಕೆ 30 ಡಾಲರ್. ನಮ್ಮನ್ನು ಯಾರೂ ನಿಲ್ಲಿಸುವುದಿಲ್ಲವಲ್ಲ, ಹಾಗಾಗಿ ಅವರೂ ನಮ್ಮ ಜೊತೆ ಸುಮ್ನೆ ನಡೆದು ಹೋಗಿಬಿಡಬಹುದು. ಆಮೇಲೆ ತೊಂದರೆ.

ಕಾರು ಪಕ್ಕಕ್ಕೆ ಹಾಕುವಷ್ಟರಲ್ಲಿ ಒಬ್ಬ ಹುಡುಗ ಕಿಟಕಿಗೆ ಬಂದ. "ಭನ್ಸಾರ್, ಭನ್ಸಾರ್, ಐದು ನಿಮಿಷ" ಅಂತ ಹಿಂದಿಯಲ್ಲಿ ಶುರು ಮಾಡಿದ. ಒಟ್ಟು ಮೊತ್ತ ಒಂದು ಹೇಳಿದ. ನಾನು ಪರ್ಸ್ ತೆಗೆದೆ. ಅವ್ವ ಹಿಂದಿನ ಸೀಟಿನಿಂದ, "ಪಾವತಿ ಕೊಡ್ತಾನೇನು ಕೇಳು ಮೊದ್ಲು" ಅಂದಳು. ಕೇಳಿದೆ. ಆಗ ಹೊರಬಿತ್ತು, ಅವನು ಹೇಳಿದ ಅಂಕಿ ಐಸಿಯಲ್ಲಿ. ಅಲ್ಲಿ ಎಲ್ಲ ವ್ಯವಹಾರದಲ್ಲೂ ಐಸಿ, ಎನ್‌ಸಿ ಅನ್ನುತ್ತಾರೆ. ಐಸಿ ಅಂದರೆ ಭಾರತದ ರೂಪಾಯಿ, ಎನ್‌ಸಿ ಅಂದರೆ ನೇಪಾಳದ್ದು. ನಮ್ಮ 100 ಅವರ 160ಕ್ಕೆ ಸಮ, ಈ ಲೆಕ್ಕ ಬಹಳ ವರ್ಷದಿಂದ ಬದಲಾಗಿಲ್ಲ. ಸರ್ಕಾರದ ದರ ಇರುವುದು ಎನ್‌ಸಿಯಲ್ಲಿ. ಅದೇ ಅಂಕಿಯನ್ನು ಐಸಿಯಲ್ಲಿ ಕೊಟ್ಟರೆ ನೂರಕ್ಕೆ ಅರವತ್ತು ಹೆಚ್ಚಿಗೆ ಹೋಯಿತು. ಹುಡುಗನಿಗೆ ಬೇಡ ಅಂತ ಹೇಳಿ ನಾನೇ ಇಳಿದು ಕೌಂಟರಿಗೆ ಹೋದೆ. ಏಜೆಂಟರೆಲ್ಲ ಮೋಸದವರು ಅಂತ ಅಲ್ಲ. ಹಿಂದಿ ಬಾರದವರಿಗೆ, ವಯಸ್ಸಾದವರಿಗೆ ಅವರಿಂದ ಉಪಕಾರವೇ. ಆದರೆ ಅವರ ಕೂಲಿ ಎಷ್ಟು, ಸರ್ಕಾರಕ್ಕೆ ಹೋಗುವುದು ಎಷ್ಟು ಅಂತ ಬೇರೆ ಬೇರೆ ಹೇಳಿಸಿ. ಪಾವತಿ ಮೇಲಿನ ಅಂಕಿ ನೋಡದೆ ದುಡ್ಡು ಕೊಡಬೇಡಿ.

ಕೌಂಟರಿನಲ್ಲಿ ಆರ್‌ಸಿ, ಲೈಸೆನ್ಸ್, ನನ್ನ ವೋಟರ್ ಐಡಿ, ಭಾವನ ಪತ್ರ ಕೊಟ್ಟೆ. ಎಷ್ಟು ದಿನ ಅಂತ ಕೇಳಿದರು. ಆರು ಅಂದೆ. ದುಡ್ಡು ಕಟ್ಟಿದೆ, ಚೀಟಿ ಬಂತು. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ದರವನ್ನು ಬೇಕೆಂದೇ ಬರೆಯುತ್ತಿಲ್ಲ. ಅವರ ಹಣಕಾಸು ವರ್ಷ ಜುಲೈ ಮಧ್ಯದಲ್ಲಿ ಶುರುವಾಗುತ್ತದೆ, ಬಜೆಟ್‌ನಲ್ಲಿ ದರ ಬದಲಾಗಬಹುದು. ಹೋದವರ ಹಳೆಯ ಲೆಕ್ಕ ಹಿಡಿದು ಕೌಂಟರಿನಲ್ಲಿ ವಾದ ಮಾಡಬೇಡಿ. 100ರ ನೋಟುಗಳನ್ನು ಊರಿನಿಂದಲೇ ಒಯ್ಯಿರಿ. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗಿದೆ, 100ಕ್ಕೆ ಎಲ್ಲೂ ತಕರಾರಿಲ್ಲ. 2024ರ ಮಾರ್ಚ್‌ನಿಂದ ನಮ್ಮ ಯುಪಿಐ ಅಲ್ಲಿನ ಫೋನ್‌ಪೇ ಕ್ಯೂಆರ್‌ಗಳಲ್ಲಿ ನಡೆಯುತ್ತಿದೆ. ಹೆಸರು ಒಂದೇ ಥರ ಕೇಳಿಸಿದರೂ ಇದು ನಮ್ಮ ಫೋನ್‌ಪೇ ಅಲ್ಲ, ನೇಪಾಳದ್ದೇ ಬೇರೆ ಕಂಪನಿ. ಆದರೆ ಗಡಿಯಲ್ಲಿ ನಮ್ಮ ಸಿಮ್‌ನ ನೆಟ್‌ವರ್ಕ್ ಹೋಗಿಬಂದು ಮಾಡುತ್ತದೆ. ಕೈಯಲ್ಲಿ ನಗದು ಇರಲಿ.

ಆ ಚೀಟಿಯನ್ನು ಅವತ್ತೇ ಕೂತು ಸರಿಯಾಗಿ ಓದಿದ್ದರೆ ಮುಂದಿನ ಪೇಚಾಟ ಇರುತ್ತಿರಲಿಲ್ಲ. ಕಾರಿನಲ್ಲಿ ಅವ್ವ ಕೈಗೆ ತಗೊಂಡು ಕನ್ನಡಕ ಏರಿಸಿ ನೋಡಿದಳು. "ಇದೇನೋ, ಎರಡು ಸಾವಿರದ ಎಂಬತ್ತು ಅಂತ ಬರದಾರ?" ನೇಪಾಳದಲ್ಲಿ ಸರ್ಕಾರಿ ಲೆಕ್ಕವೆಲ್ಲ ವಿಕ್ರಮ ಸಂವತ್‌ನಲ್ಲಿ. ಆಗ ಅವರಿಗೆ 2080. ಚೀಟಿಯಲ್ಲಿ ಇದ್ದದ್ದು 2080/11/08ರಿಂದ 2080/11/13. ಹನ್ನೊಂದು ಅಂದರೆ ನವೆಂಬರ್ ಅಲ್ಲ, ಅವರ ಹನ್ನೊಂದನೇ ತಿಂಗಳು ಫಾಗುನ್. ನಮಗೆ ಆಗಿನ್ನೂ ಮಾಘ ಮಾಸ, ಭಾರತ ಹುಣ್ಣಿಮೆ ಬಂದಿರಲಿಲ್ಲ. ಅವರದು ಸೌರಮಾನ, ತಿಂಗಳು ಇಂಗ್ಲಿಷ್ ತಿಂಗಳ ನಡುವೆ ಶುರುವಾಗುತ್ತದೆ. "ಅವರ ಪಂಚಾಂಗ ಬೇರೆ ಇರಬೇಕವ್ವಾ" ಅಂತ ಹೇಳಿ ಡ್ಯಾಷ್‌ಬೋರ್ಡಿನಲ್ಲಿ ಇಟ್ಟುಬಿಟ್ಟೆ.

ಲುಂಬಿನಿಗೆ ಹೋದದ್ದು ಅವ್ವನ ಆಸೆಗೆ. ಗವಿಮಠದ ಬೆಟ್ಟದ ಬಂಡೆ ಮೇಲೆ ಅಶೋಕನ ಬರಹ ಇದೆ ಅಂತ ಅವಳು ಚಿಕ್ಕವಳಿದ್ದಾಗಿನಿಂದ ಕೇಳಿದವಳು. ಆ ಕಡೆ ಪಾಲ್ಕಿಗುಂಡಿನಲ್ಲೂ ಒಂದಿದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಅನ್ನುವ ಹೆಸರೇ ಇದೆ. ಲುಂಬಿನಿಯಲ್ಲಿ ಮಾಯಾದೇವಿ ಗುಡಿಯ ಪಕ್ಕ ಅವನ ಕಂಬ. ಪಟ್ಟಕ್ಕೆ ಬಂದು ಇಪ್ಪತ್ತು ವರ್ಷವಾದಾಗ ರಾಜ ತಾನೇ ಇಲ್ಲಿಗೆ ಬಂದು ಪೂಜೆ ಮಾಡಿದ, ಬುದ್ಧ ಹುಟ್ಟಿದ ಊರು ಅಂತ ಲುಂಬಿನಿಯ ತೆರಿಗೆ ಇಳಿಸಿ ಎಂಟರಲ್ಲೊಂದು ಪಾಲು ಮಾಡಿದ ಅಂತ ಅದರಲ್ಲಿ ಕೆತ್ತಿದೆ. ಮಗಳು ಬೇಲಿಯ ಈಚೆ ನಿಂತು ಆ ಬ್ರಾಹ್ಮಿ ಅಕ್ಷರಗಳನ್ನು ಎಷ್ಟೋ ಹೊತ್ತು ನೋಡಿದಳು. "ಅಜ್ಜಿ, ನಮ್ಮ ಬೆಟ್ಟದಾಗಿನ ಅಕ್ಷರನ ಇವು" ಅಂದಳು. ಅವ್ವ ಏನೂ ಮಾತಾಡಲಿಲ್ಲ. ಸೆರಗು ಹೊದ್ದು ಕೈ ಮುಗಿದಳು. ನಮ್ಮ ಕಡೆಯಿಂದ ಹೋಗುವವರು ಲುಂಬಿನಿಗೆ ಒಂದು ಪೂರ್ತಿ ದಿನ ಇಡಿ. ಪೋಖರಾದಲ್ಲಿ ಒಂದು ದಿನ ಕಡಿಮೆಯಾದರೂ ಪರವಾಗಿಲ್ಲ.

ಫೆಬ್ರವರಿ 24, ಶನಿವಾರ ರಾತ್ರಿ. ಪೋಖರಾದ ಲಾಡ್ಜಿನಲ್ಲಿ ಊಟ ಮಾಡಿ, ಸೋಮವಾರ ಬೆಳಗ್ಗೆ ಹೊರಡುತ್ತೇವೆ ಅಂತ ಮಾಲೀಕರಿಗೆ ಹೇಳಿದೆ. 20ರ ಸಂಜೆ ಒಳಗೆ ಬಂದಿದ್ದೇವೆ, ಆರು ದಿನ ಅಂದರೆ 26ರ ಸಂಜೆವರೆಗೆ ಅಂತ ನನ್ನ ಲೆಕ್ಕ. ಅವರು ಸುಮ್ಮನೆ, "ಭನ್ಸಾರ್ ಯಾವತ್ತಿನವರೆಗೆ ಇದೆ?" ಅಂದರು. ಚೀಟಿ ತಂದು ತೋರಿಸಿದೆ. ಗೋಡೆಯ ಮೇಲೆ ಅವರ ಕ್ಯಾಲೆಂಡರ್ ಇತ್ತು. ಒಂದೊಂದು ಮನೆಯಲ್ಲೂ ದೊಡ್ಡದಾಗಿ ದೇವನಾಗರಿ ಅಂಕಿ, ಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣದಾಗಿ ಇಂಗ್ಲಿಷ್ ತಾರೀಖು. ಅವರು ಬೆರಳಿಟ್ಟು ಫಾಗುನ್ 13 ತೋರಿಸಿದರು. ಮೂಲೆಯಲ್ಲಿ 25 ಇತ್ತು. ನಾಳೆಯೇ. ಮಧ್ಯಾಹ್ನ ಮೂರಕ್ಕೆ ಒಳಗೆ ಬಂದರೂ ಆ ದಿನವನ್ನು ಪೂರ್ತಿ ಒಂದು ದಿನ ಅಂತಲೇ ಹಿಡಿದಿದ್ದರು. ಅವರ ತಪ್ಪೇನೂ ಇಲ್ಲ. ನಾನು ರಾತ್ರಿ ಎಣಿಸಿದ್ದೆ, ಅವರು ಹಗಲು ಎಣಿಸಿದ್ದರು. ಅವಧಿ ಮೀರಿದರೆ ದಂಡ ಬೀಳುತ್ತದೆ ಅಂತಲೂ ಅವರೇ ಹೇಳಿದರು.

ಭಾನುವಾರ ಬೆಳಗ್ಗೆ ಐದಕ್ಕೇ ಹೊರಟೆವು. ಪೋಖರಾದಿಂದ ಗಡಿಗೆ 200 ಕಿ.ಮೀ. ಒಳಗೇ. ಆದರೆ ನಮ್ಮ ಹೊಸಪೇಟೆ ಹೈವೇ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಸ್ಯಾಂಗ್ಜಾ, ಪಾಲ್ಪಾ ಎಲ್ಲ ತಿರುವು ಮೇಲೆ ತಿರುವು. ಬುಟ್ವಲ್ ಹತ್ತಿರ ಸಿದ್ಧಬಾಬಾ ಅನ್ನುವಲ್ಲಿ ಗುಡ್ಡದ ಕಲ್ಲು ಉರುಳುವ ಜಾಗ, ಅಲ್ಲಿ ಗಾಡಿಗಳ ಸಾಲು ನಿಂತಿತ್ತು. ಎರಡು ಸಲ ಮಗಳು ವಾಂತಿ ಮಾಡಿಕೊಂಡಳು. ಅವ್ವ ಗವಿಸಿದ್ಧಪ್ಪನನ್ನು ನೆನೆಯುತ್ತಾ ಕೂತಿದ್ದಳು. ಎಂಟೂವರೆ ಗಂಟೆ ಹಿಡಿಯಿತು. ದಾರಿಯಲ್ಲಿ ಹೆಂಡತಿ ಇನ್ನೊಂದು ನೆನಪಿಸಿದಳು. ಅವರ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ಮೊಬೈಲ್ ನಮ್ಮ ಟೈಮೇ ತೋರಿಸುತ್ತಿದ್ದರೆ ಮೋಸ ಹೋಗುತ್ತೀರಿ. ಇನ್ನು ವಾರದ ರಜೆ ನಾವು ಹೋದಾಗ ಭಾನುವಾರ ಅಲ್ಲ, ಶನಿವಾರ. ಬ್ಯಾಂಕ್, ಆಫೀಸಿನ ಕೆಲಸ ಇದ್ದರೆ ಅದನ್ನೂ ನೋಡಿಕೊಳ್ಳಿ.

ಬೇಲಹಿಯಾ ತಲುಪಿದಾಗ ಗೇಟು ಎದುರಿಗೇ ಕಾಣುತ್ತಿತ್ತು. ರಿಕ್ಷಾ, ಬೈಕು, ಸೈಕಲ್ಲು, ತಲೆ ಮೇಲೆ ಮೂಟೆ ಹೊತ್ತವರು, ಎಲ್ಲರೂ ಒಂದೇ ಹರಿವಿನಲ್ಲಿ ಭಾರತದ ಕಡೆ ಹೋಗುತ್ತಿದ್ದರು. ನಾನೂ ಅದರಲ್ಲಿ ಸೇರಿಬಿಟ್ಟಿದ್ದೆ. ಯಾರೂ ಕೈ ಅಡ್ಡ ಹಾಕಲಿಲ್ಲ. "ಚೀಟಿ ರೀ, ಚೀಟಿ!" ಅಂತ ಹೆಂಡತಿ ಕೂಗಿದ ಮೇಲೆ ಪಕ್ಕಕ್ಕೆ ತಿರುಗಿಸಿದೆ. ಎಲ್ಲರೂ ತಪ್ಪುವ ಜಾಗ ಇದೇ. ಒಳಗೆ ಹೋಗುವಾಗ ಚೀಟಿ ಇಲ್ಲದೆ ಮುಂದೆ ಬಿಡುವುದಿಲ್ಲ. ಹೊರಗೆ ಬರುವಾಗ ಯಾರೂ ಕೇಳದೆಯೇ ದಾಟಿಬಿಡಬಹುದು. ದಾಟಿದರೆ ಅವರ ಲೆಕ್ಕದಲ್ಲಿ ಕಾರು ಇನ್ನೂ ನೇಪಾಳದಲ್ಲೇ ಇದೆ. ಅವರ ಕಾನೂನಿನಲ್ಲಿ ನಮ್ಮ ಗಾಡಿಗೆ ವರ್ಷಕ್ಕೆ 30 ದಿನದ ಮಿತಿ ಬೇರೆ ಇದೆ. ಮುಂದಿನ ಸಲ ಅದೇ ಕಾರು ಹೋದರೆ ಉತ್ತರ ಹೇಳಬೇಕಾದವರು ಯಾರು? ನಮ್ಮ ವಿಷಯದಲ್ಲಿ ಭಾವ. ಬೇರೆಯವರ ಗಾಡಿ ಒಯ್ದವರಿಗೆ ಈ ಜವಾಬ್ದಾರಿ ಇನ್ನೂ ಜಾಸ್ತಿ.

ಕೌಂಟರಿನಲ್ಲಿ ಚೀಟಿ ಇಸಿದುಕೊಂಡು, ಗಾಡಿ ನಂಬರ್ ನೋಡಿ, ಹೊರಗೆ ಹೋಯಿತು ಅಂತ ದಾಖಲು ಮಾಡಿಕೊಂಡರು. ಹತ್ತು ನಿಮಿಷದ ಕೆಲಸ, ದುಡ್ಡೂ ಇಲ್ಲ. ಚೀಟಿ ಕೊಡುವ ಮುಂಚೆ ಎರಡೂ ಮಗ್ಗುಲಿನ ಫೋಟೋ ತೆಗೆದುಕೊಂಡೆ. ದಾಖಲಾದದ್ದನ್ನು ಒಂದು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ನೀವು ಸೋನೌಲಿಯಿಂದ ಹೋಗಿ ರಕ್ಸೌಲ್ ಕಡೆಯಿಂದ ಬರುವ ಯೋಚನೆ ಇದ್ದರೆ, ಚೀಟಿ ಮಾಡಿಸುವಾಗಲೇ ಅದನ್ನು ಹೇಳಿ, ಅಲ್ಲಿ ಎಲ್ಲಿ ವಾಪಸ್ ಕೊಡಬೇಕು ಅಂತ ಕೇಳಿಕೊಳ್ಳಿ. ದಿನಗಳನ್ನು ಒಂದು ಹೆಚ್ಚಿಗೇ ಬರೆಸಿ. ಒಂದು ದಿನದ ಸುಂಕ ಹೋದರೆ ಹೋಗಲಿ, ಗುಡ್ಡ ಕುಸಿದು ರಸ್ತೆ ಬಂದ್ ಆದರೂ ಜೀವ ಹಿಡಿದುಕೊಂಡು ಓಡಿಸುವುದು ತಪ್ಪುತ್ತದೆ. ಚೀಟಿ ಕೈಗೆ ಬಂದ ಕೂಡಲೇ ಕೌಂಟರಿನವರನ್ನೇ ಕೇಳಿ, ಕೊನೆಯ ದಿನದ ಇಂಗ್ಲಿಷ್ ತಾರೀಖನ್ನು ಅದರ ಮೇಲೆಯೇ ಪೆನ್ಸಿಲಿನಲ್ಲಿ ಬರೆದುಕೊಳ್ಳಿ.

ಸೋನೌಲಿ ಕಡೆ ಬಂದು ನೆಟ್‌ವರ್ಕ್ ಸಿಕ್ಕಿದ ಕೂಡಲೇ ಭಾವನಿಗೆ ಫೋನ್ ಮಾಡಿದೆ. "ಚೀಟಿ ಕೊಟ್ಟು ಬಂದ್ವಿ, ಗಾಡಿ ನಮ್ಮ ದೇಶದಾಗ ಐತ್ರಿ" ಅಂದೆ. "ಫೋಟೋ ಕಳಸು, ಆರ್‌ಸಿ ಜೋಡಿ ಇಟ್ಕೋತೀನಿ" ಅಂದರು. ಕಳಿಸಿ, ರಸ್ತೆ ಬದಿಯ ಢಾಬಾದಲ್ಲಿ ಅವ್ವನಿಗೆ ಚಹಾ ಹೇಳಿದೆ. ಬೆಳಗ್ಗೆಯಿಂದ ಅವಳು ಹನಿ ನೀರೂ ಮುಟ್ಟಿರಲಿಲ್ಲ.