ತೆಗೆಯೋದು ಸುಲಭ ಆಗ್ಬೇಕಾ, ಕಿತ್ತು ಬರೋದಾ?

ಸೋಮವಾರದಿಂದ ಒಂದೇ ಮಾತು ತಲೆಯಲ್ಲಿ ಕೂತಿದೆ. "ಸೀಟು ತೆಗೆಯೋದು ಸುಲಭ ಆಗ್ಬೇಕೇನ್ರೀ, ಇಲ್ಲಾ ಕಿತ್ಕೊಂಡು ಬರೋದು ಸುಲಭ ಆಗ್ಬೇಕಾ?"

ನಮ್ಮ ಹಳೇ ಓಮ್ನಿ ವ್ಯಾನು ವಾರವೆಲ್ಲಾ ಮನೆ ಗಾಡಿ, ರಜೆ ಬಂದರೆ ಕ್ಯಾಂಪರ್. ಹಿಂದಿನ ಸೀಟು ತೆಗೆದು ಹಲಗೆ, ಹಾಸಿಗೆ ಹಾಕಿದರೆ ಇಬ್ಬರು ಮಲಗಬಹುದು, ಅದೂ ಸ್ವಲ್ಪ ಓರೆಯಾಗಿ. ನಾಲ್ಕೇ ಬೋಲ್ಟು. ಆದರೆ ಮೊದಲು ಈ ಗಾಡಿ ಇಟ್ಟುಕೊಂಡಿದ್ದವರು ಸೀಟು ಬದಲಾಯಿಸಿ, ನೆಲಕ್ಕೆ ತೂತು ಕೊರೆಸಿ ಬಿಡಿ ನಟ್ಟು ಹಾಕಿಸಿದ್ದಾರೆ. ಮೇಲೆ ಬೋಲ್ಟು ತಿರುಗಿಸಿದರೆ ಕೆಳಗೆ ನಟ್ಟೂ ಜೊತೆಗೇ ತಿರುಗುತ್ತೆ. ಹಾಗಾಗಿ ಒಬ್ಬರು ಗಾಡಿ ಕೆಳಗೆ ಮಲಗಿ ಪಾನ (ಸ್ಪ್ಯಾನರ್) ಹಿಡಿಯಲೇಬೇಕು. ಭಾನುವಾರ ಸೂಳೆಕೆರೆಗೆ ಹೊರಟಾಗ ಮಲಗಿದ್ದು ನಾನು. ಕಣ್ಣಿಗೆ ತುಕ್ಕು ಉದುರುತ್ತಿತ್ತು. ಭಾಮೈದ ಮೇಲೆ ಕೂತು "ಬಂತಾ ಭಾವ? ಬಂತಾ?" ಅನ್ನುತ್ತಿದ್ದ. ಒಳ್ಳೆ ಹುಡುಗನೇ, ಆದರೆ ಕೆಲಸಕ್ಕಿಂತ ವಿಚಾರಣೆ ಜಾಸ್ತಿ. ಒಂದೂವರೆ ಗಂಟೆ ಹೋಯಿತು. ಕೆರೆ ಮುಟ್ಟಿದಾಗ ಕತ್ತಲು, ದಾವಣಗೆರೆಯಿಂದ ಕಟ್ಟಿಸಿಕೊಂಡು ಹೋಗಿದ್ದ ಮಿರ್ಚಿ ತಣ್ಣಗಾಗಿ ಚರ್ಮದಂತಾಗಿತ್ತು.

ಮರುದಿನ ಪಿ.ಬಿ. ರೋಡಿನ ಹತ್ತಿರ ಒಬ್ಬ ವೆಲ್ಡಿಂಗ್‌ನವರನ್ನು ಕಂಡೆ. ಕೈಯಲ್ಲೇ ತಿರುಗಿಸೋ ರೆಕ್ಕೆ ನಟ್ಟು ಹಾಕಿಕೊಡಿ, ಇಲ್ಲಾ ಎಳೆದರೆ ಬರೋ ಪಿನ್ನು ಮಾಡಿಕೊಡಿ ಅಂದೆ. ಆಗ ಬಂತು ಆ ಮಾತು. ನಾನು ನಕ್ಕೆ, ಅವರು ನಗಲಿಲ್ಲ. "ಹಿಂದೆ ಯಾರು ಕೂರ್ತಾರೆ?" "ಅವ್ವ." ಸೀಟ್ ಬೆಲ್ಟಿನ ತುದಿ ಹಿಡಿದು ಜಗ್ಗಿ ತೋರಿಸಿದರು. ಅದೂ ಅದೇ ಬೋಲ್ಟಿಗೇ ಸೇರಿತ್ತು. ಗಾಡಿ ಗುದ್ದಿದರೆ ಜಗ್ಗೆಲ್ಲಾ ಬೀಳೋದು ಅಲ್ಲಿಗೇ.

ಗಾಡಿಗೆ ವೆಲ್ಡಿಂಗ್ ಹಿಡಿಯಲು ಒಪ್ಪಲೇ ಇಲ್ಲ, ಪೆಟ್ರೋಲ್ ಟ್ಯಾಂಕ್ ಐತಿ ಅಂದರು. ಗಾಡಿಯಿಂದ ಹೊರಗೇ ದಪ್ಪ ಕಬ್ಬಿಣದ ಪಟ್ಟಿಗೆ ನಟ್ಟು ಕೂರಿಸಿದರು. ಕಿಡಿ ನಟ್ಟಿನೊಳಗಿನ ಮರೆಗೆ (ಸುತ್ತುಗೆರೆಗೆ) ಹೋಗಿ ಮೆತ್ತಿಕೊಳ್ಳದ ಹಾಗೆ ಒಂದು ಹಳೇ ಬೋಲ್ಟು ತಿರುಗಿಸಿಟ್ಟು ಆಮೇಲೆ ವೆಲ್ಡಿಂಗ್ ಹಿಡಿದರು. ಪಟ್ಟಿಯನ್ನು ನೆಲದಡಿ ಸಣ್ಣ ಸ್ಕ್ರೂ ಹಾಕಿ ಹಿಡಿಸಿದರು. ಹೊಸ ಬೋಲ್ಟಿನ ತಲೆ ಮೇಲೆ 8.8 ಅಂತಿತ್ತು. ಮೊದಲ 8 ಅಂದರೆ ಒಂದು ಚದರ ಮಿಲಿಮೀಟರಿಗೆ ಸುಮಾರು 80 ಕಿಲೋ ಜಗ್ಗು ತಡೆಯೋ ಉಕ್ಕು. ಮರೆಗೆ ಗ್ರೀಸ್ ಬಳಿದರು. ಈಗ ಕೆಳಗೆ ಯಾರೂ ಮಲಗಬೇಕಾಗಿಲ್ಲ. ರಾಚೆಟ್ ಪಾನ ಹಿಡಿದು ಒಬ್ಬನೇ ಹತ್ತು ನಿಮಿಷದಲ್ಲಿ ಸೀಟು ಹೊರಗಿಡುತ್ತೇನೆ.

ಬೇಜಾರಾಗೋದು ಬೇರೆ ವಿಷಯಕ್ಕೆ. ಹಾಸಿಗೆ ಎಷ್ಟು ಇಂಚು, ಒಲೆ ಎಲ್ಲಿಡೋದು ಅಂತ ತಿಂಗಳುಗಟ್ಟಲೆ ಅಳೆದಿದ್ದೇನೆ. ವರ್ಷಕ್ಕೆ ನಾಲ್ಕು ರಾತ್ರಿ ಮಲಗೋಕೆ ಅಷ್ಟು ಲೆಕ್ಕ. ವಾರಕ್ಕೆರಡು ಸಲ ಅವ್ವ ಅದೇ ಜಾಗದಲ್ಲಿ ಕೂತು ಆಸ್ಪತ್ರೆಗೆ ಬರುತ್ತಾಳೆ. ಅವಳು ಕೂರೋ ಸೀಟನ್ನು ನಾನು ಸುಮ್ನೆ ಅಡ್ಡ ಬರೋ ಸಾಮಾನು ಅಂತಲೇ ನೋಡಿದ್ದೆ. ಅಪರಿಚಿತರೊಬ್ಬರು ಎರಡೇ ನಿಮಿಷದಲ್ಲಿ ಕೇಳಿದ ಪ್ರಶ್ನೆ ನನಗೆ ಯಾಕೆ ಹೊಳೆಯಲಿಲ್ಲ?

ನಿನ್ನೆ ಹೊರಡೋ ಮುಂಚೆ ಬಗ್ಗಿ ನಾಲ್ಕೂ ಬೋಲ್ಟಿಗೆ ಪಾನ ಹಾಕಿ ನೋಡುತ್ತಿದ್ದೆ. ಚೀಲ ಹಿಡಿದು ನಿಂತಿದ್ದ ಅವ್ವ ಕೇಳಿದಳು: "ಏನ್ ಹುಡುಕ್ತೀಯೋ, ರೊಕ್ಕ ಬಿತ್ತೇನು?"