ಬರೋಬ್ಬರಿ

ವಿಜಯಪುರ
12 ಜನವರಿ 2025, ಭಾನುವಾರ

ನಾಳೆ ಭೋಗಿ. ಸಜ್ಜೆ ರೊಟ್ಟಿಗೆ ಹಚ್ಚುವ ಎಳ್ಳು ಮೊನ್ನೆಯೇ ಬಂದಿತ್ತು. ಪಲ್ಯಕ್ಕೆ ಗಜ್ಜರಿ, ಅವರೆಕಾಯಿ, ಮುಳಗಾಯಿ ಇನ್ನೂ ಆಗಬೇಕಿತ್ತು. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿರುವ ಅಕ್ಕನ ಮಗಳು ಬೆಳಿಗ್ಗೆ ಪತ್ರಿಕೆ ಓದುತ್ತ ಕುಳಿತಿದ್ದಳು. ಯಾವುದೋ ಸುದ್ದಿಯ ತಲೆಬರಹದಲ್ಲಿ 'ಬರೋಬ್ಬರಿ ಎಂಟು ಕೋಟಿ' ಎಂದಿತ್ತು. "ಮಾಮಾ, ಬರೋಬ್ಬರಿ ಎಂದರೆ ಬಹಳ ಎಂದು ಅರ್ಥವೇ?" ಎಂದು ಕೇಳಿದಳು.

ಅಲ್ಲವೇ ಅಲ್ಲ ಎಂದೆ. ಮತ್ತೇನು ಎಂದಾಗ ಒಂದೇ ಮಾತಿನಲ್ಲಿ ಹೇಳಲು ಬರಲಿಲ್ಲ. ಚೀಲ ಅವಳ ಕೈಗೆ ಕೊಟ್ಟು ಮಾರುಕಟ್ಟೆಗೆ ಕರೆದುಕೊಂಡು ಹೋದೆ.

ರಸ್ತೆಯ ಬದಿಗೆ ಗೋಣಿತಟ್ಟು ಹಾಸಿ ಕೂರುವ ಆಯಿಯ ಹತ್ತಿರ ಇಂದಿಗೂ ಕೈತಕ್ಕಡಿಯೇ ಇದೆ. ಒಂದು ತಟ್ಟೆಗೆ ಅರ್ಧ ಕಿಲೋ ಕಲ್ಲು, ಇನ್ನೊಂದಕ್ಕೆ ಗಜ್ಜರಿ. ಗಜ್ಜರಿಯ ತಟ್ಟೆ ಕೆಳಗಿಳಿಯಿತು. ದಪ್ಪನೆಯದೊಂದನ್ನು ತೆಗೆದಳು, ತಟ್ಟೆ ಮೇಲಕ್ಕೆದ್ದಿತು. ಅದನ್ನು ಮರಳಿ ಇಟ್ಟು ಸಣ್ಣದೊಂದನ್ನು ತೆಗೆದಳು. ಮುಳ್ಳು ಅತ್ತಿತ್ತ ತೂಗಾಡಿ ನಡುವೆ ನಿಂತಿತು. "ಬರೋಬ್ಬರಿ ಇದೆ ನೋಡು ತಮ್ಮಾ" ಎಂದು ತಕ್ಕಡಿಯನ್ನು ನನ್ನ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು. ನಾನು ಅಕ್ಕನ ಮಗಳಿಗೆ ತೋರಿಸಬೇಕೆಂದಿದ್ದದ್ದು ಇದನ್ನೇ.

ಫಾರಸಿಯಲ್ಲಿ 'ಬರ್' ಎಂದರೆ ಎದೆ. 'ಬರಾಬರ್' ಎಂದರೆ ಎದೆಗೆ ಎದೆ; ಒಬ್ಬರು ಮುಂದಲ್ಲ, ಒಬ್ಬರು ಹಿಂದಲ್ಲ. ಅದರಿಂದಲೇ ಸಮ ಎಂಬ ಅರ್ಥ ಬಂತು. 1490ರಿಂದ 1686ರವರೆಗೆ ಆದಿಲ್‌ಶಾಹಿಗಳು ಆಳಿದ ಊರು ಇದು. ಚರಿತ್ರೆಕಾರ ಫರಿಶ್ತಾ ತನ್ನ ದೊಡ್ಡ ಇತಿಹಾಸವನ್ನು ಫಾರಸಿಯಲ್ಲಿ ಬರೆದದ್ದು ಇಲ್ಲಿಯ ಸುಲ್ತಾನ ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ. ಆದರೂ ಈ ಮಾತು ದರ್ಬಾರಿನಿಂದ ನೆಟ್ಟಗೆ ನಮ್ಮ ಬಾಯಿಗೆ ಬಂದಂತೆ ಕಾಣುವುದಿಲ್ಲ. 'ಬರಾ' ಹೋಗಿ 'ಬರೋ' ಆಗಿರುವುದು ಮರಾಠಿಯ ಗುರುತು. ಮರಾಠಿಯಲ್ಲಿ 'ಬರೋಬರ್' ಎಂದರೆ ಸರಿ ಎಂದೂ ಆಗುತ್ತದೆ, ಜೊತೆಗೆ ಎಂದೂ ಆಗುತ್ತದೆ. 1956ರವರೆಗೆ ಮುಂಬೈ ಆಡಳಿತಕ್ಕೆ ಸೇರಿದ್ದ ಜಿಲ್ಲೆಗೆ ಆ ನಂಟು ಹೊಸದೇನಲ್ಲ.

ಸಮ ಎಂಬುದು ಸರಿ ಎಂದಾಗಲು ಕನ್ನಡದಲ್ಲಿ ದಾರಿ ಮೊದಲೇ ಇತ್ತು. 'ಅವನಿಗೆ ಸರಿಯಾದವರಿಲ್ಲ' ಎನ್ನುವಾಗ 'ಸರಿ' ಎಂದರೆ ಸಮ. 'ನಿನ್ನ ಉತ್ತರ ಸರಿ' ಎನ್ನುವಾಗ ತಪ್ಪಿಲ್ಲದ್ದು. ಕರಾವಳಿಯವರು ಇಂದಿಗೂ ಕೆಟ್ಟ ರಸ್ತೆಯನ್ನು 'ಸಮ ಇಲ್ಲ' ಎನ್ನುತ್ತಾರೆ. ಹೊರಗಿನಿಂದ ಬಂದ ಮಾತು ಇಲ್ಲಿ ಪರಕೀಯವಾಗಿ ಉಳಿಯಲಿಲ್ಲ. ಗೌಂಡಿ ದಾರ ಹಿಡಿದು ಗೋಡೆ ಬರೋಬ್ಬರಿ ಇದೆಯೇ ಎಂದು ನೋಡುತ್ತಾನೆ. ಮಾಡಿದ ತಪ್ಪಿಗೆ ತಕ್ಕ ಪೆಟ್ಟು ಬಿದ್ದರೆ 'ಬರೋಬ್ಬರಿ ಆಯಿತು' ಎನ್ನುತ್ತೇವೆ. ಅಲ್ಲಿಯೂ ಒಂದು ತಟ್ಟೆಯಲ್ಲಿ ತಪ್ಪು, ಇನ್ನೊಂದರಲ್ಲಿ ಪೆಟ್ಟು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಅಪ್ಪನ ಬಾಯಿಯ ಬರೋಬ್ಬರಿ. ಜೋಳದ ಹೊಲದಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಆಳುಮನುಷ್ಯ ದೂರ, ಬದುವಿನ ಮೇಲೆ, ಬೆನ್ನು ತಿರುಗಿಸಿ ಕುಳಿತುಕೊಳ್ಳುತ್ತಿದ್ದ. ಅಪ್ಪ ರೊಟ್ಟಿ ಮುರಿಯದೆ ಕಾಯುತ್ತಿದ್ದರು. "ನಮ್ಮ ಬರೋಬ್ಬರಿ ಕುಳಿತು ಉಣ್ಣು ಬಾ" ಎಂದು ಮತ್ತೆ ಮತ್ತೆ ಕರೆಯುತ್ತಿದ್ದರು. ನಮ್ಮ ಜೊತೆಗೆ ಎಂದರೋ, ನಮ್ಮ ಸಮನಾಗಿ ಎಂದರೋ, ಆಗ ನನಗೆ ತಿಳಿದಿರಲಿಲ್ಲ. ಎರಡೂ ಆಗಿತ್ತು ಎಂದು ಈಗ ಅನ್ನಿಸುತ್ತದೆ. ಅವನು ಬಂದು ಎದುರಿಗೆ ಕುಳಿತ ಮೇಲೆಯೇ ಅಪ್ಪ ಮೊದಲ ತುತ್ತು ತೆಗೆದುಕೊಳ್ಳುತ್ತಿದ್ದರು.

ಆದ್ದರಿಂದಲೇ ಆ ತಲೆಬರಹ ಮನಸ್ಸಿಗೆ ಚುಚ್ಚಿತು. 'ಕರಾರುವಾಕ್ಕಾಗಿ ಎಂಟು ಕೋಟಿ, ಒಂದು ಪೈಸೆ ಕಡಿಮೆಯಿಲ್ಲ' ಎಂಬಲ್ಲಿಂದ ಹೊರಟು 'ಅಬ್ಬಾ, ಎಂಟು ಕೋಟಿ' ಎಂಬಲ್ಲಿಗೆ ಆ ಬಳಕೆ ಬಂದಿರಬೇಕು. ಮಾತು ಹಾಗೆ ಹೊರಳುವುದು ಸಹಜ, ಒಪ್ಪುತ್ತೇನೆ. ಆದರೆ ಆ ಎಂಟು ಕೋಟಿಗೆ ಎದುರು ತಟ್ಟೆಯೇ ಇಲ್ಲ.

ಇದನ್ನೆಲ್ಲ ನಾನು ಹೇಳುತ್ತಿರುವಾಗಲೇ ಆಯಿ ಗಜ್ಜರಿಯನ್ನು ಚೀಲಕ್ಕೆ ಸುರಿದು, ಮೇಲೊಂದು ಹಿಡಿ ಹಸಿಕಡಲೆ ಹಾಕಿದಳು. ಅಕ್ಕನ ಮಗಳು ಥಟ್ಟನೆ ಕೇಳಿದಳು: "ಆಯಿ, ಈಗ ಬರೋಬ್ಬರಿ ತಪ್ಪಿತಲ್ಲ?"

"ಅದು ಕೊಸರು, ತಂಗಿ" ಎಂದಳು ಆಯಿ. "ಅದನ್ನು ತೂಗುವುದಿಲ್ಲ."